ದೂತರ ಸಂಚಾರವೂ ಜನರ ಹಿತವೂ

2023ನೆಯ ಇಸವಿಯ ಜುಲೈ ತಿಂಗಳಲ್ಲಿ ಇಪ್ಪತ್ತು ರಾಷ್ಟ್ರಗಳ ಕೂಟದ ಪ್ರತಿನಿಧಿಗಳು ಹಂಪಿಯಲ್ಲಿ ಸಭೆ ಸೇರಿದ್ದುದನ್ನು ಹೊಸಪೇಟೆಯ ನಾಗರಿಕರು ಮರೆತಿರಲಾರರು. ಅಮೇರಿಕಾ, ಚೀನಾ, ಜಪಾನ್ ಮೊದಲಾದ ದೇಶಗಳ ಪರವಾಗಿ ಕುಳಿತ ಆ ಮಹನೀಯರು ರಾಷ್ಟ್ರಾಧ್ಯಕ್ಷರೂ ಅಲ್ಲ, ಪ್ರಧಾನಮಂತ್ರಿಗಳೂ ಅಲ್ಲ. ‘ಶೆರ್ಪಾ’ಗಳೆಂದು ಕರೆಯಿಸಿಕೊಳ್ಳುವ ದೂತರು. ಹಿಮಾಲಯದಲ್ಲಿ ಶಿಖರವೇರುವವರ ಹೊರೆಯನ್ನು ಹೊತ್ತು ದಾರಿ ತೋರುವವರ ಹೆಸರು ಇವರಿಗೆ ಬಂದಿರುವುದು ಉಚಿತವೇ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರನಾಯಕರು ದೆಹಲಿಯಲ್ಲಿ ಒಪ್ಪಿದ ಘೋಷಣೆಯ ಕರಡನ್ನು ಕುರಿತು ಇಲ್ಲಿಯೇ ಚರ್ಚೆ ನಡೆಯಿತು. ಅದಕ್ಕೆ ಕೆಲವೇ ದಿನ ಮೊದಲು ಇದೇ ಕೂಟದ ಸಂಸ್ಕೃತಿ ಸಮಿತಿಯೂ ಹಂಪಿಯಲ್ಲಿ ಸೇರಿದ್ದಿತು. ಆಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಸ್ತ್ರೀಯರು 1,755 ಕಸೂತಿಯ ತುಂಡುಗಳಿಂದ ರಚಿಸಿದ ವಸ್ತುಗಳು ಗಿನ್ನೆಸ್ ದಾಖಲೆಗೆ ಸೇರಿದವು. ಕಸೂತಿಯ ಸುದ್ದಿ ಊರೂರಿಗೂ ಮುಟ್ಟಿತು. ಕರಡಿನ ಮಾತು ಮಾತ್ರ ಯಾರ ಕಿವಿಗೂ ಅಷ್ಟಾಗಿ ಬೀಳಲಿಲ್ಲ. “ಅಧಿಕಾರಿಗಳು ಬಂದರು, ಕಲ್ಲಿನ ರಥವನ್ನು ನೋಡಿದರು, ಹೋದರು; ಇದರಿಂದ ನಮಗೇನು?” ಎಂದು ಕೇಳುವವರು ನಮ್ಮಲ್ಲಿ ಉಂಟು.

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೇರಿಕಾದ ಶಾಸನಸಭೆಯಾದ ಕಾಂಗ್ರೆಸ್ಸಿನಲ್ಲಿ ಮತಾಧಿಕಾರವುಳ್ಳ ಸದಸ್ಯರು 535 ಮಂದಿ. ಅವರ ಕೈಕೆಳಗಿನ ನೌಕರರು ಸಾವಿರಗಟ್ಟಲೆ. ಮಸೂದೆಯ ಪದಗಳನ್ನು ಹೊಂದಿಸುವವರೂ, ಯಾವ ದೇಶಕ್ಕೆ ಎಷ್ಟು ನೆರವು, ಯಾವ ಸರಕಿಗೆ ಎಷ್ಟು ಸುಂಕವೆಂಬ ಲೆಕ್ಕವನ್ನು ಸದಸ್ಯರ ಮುಂದಿಡುವವರೂ ಬಹುಮಟ್ಟಿಗೆ ಇವರೇ. 1961ರಲ್ಲಿ ಆ ದೇಶದಲ್ಲಿ ಆದ ವಿದ್ಯಾ ಮತ್ತು ಸಂಸ್ಕೃತಿ ವಿನಿಮಯದ ಶಾಸನದ ಆಧಾರದ ಮೇಲೆ, ಅಲ್ಲಿನ ವಿದೇಶಾಂಗ ಖಾತೆಯು ಒಪ್ಪಿದ ಕಾರ್ಯಕ್ರಮಗಳಲ್ಲಿ ಈ ನೌಕರರ ಪ್ರವಾಸದ ಖರ್ಚನ್ನು ಅವರನ್ನು ಕರೆಯಿಸಿಕೊಂಡ ಪರದೇಶದ ಸರಕಾರವೇ ಹೊರಬಹುದಾಗಿದೆ. 1979ರಲ್ಲಿ ವಾಷಿಂಗ್ಟನ್ನಿನಲ್ಲಿ ಸ್ಥಾಪಿತವಾದ ಅಮೇರಿಕಾ–ಏಷ್ಯಾ ಸಂಸ್ಥೆಯು ಇಂಥ ನೌಕರರ ತಂಡಗಳನ್ನು ಏಷ್ಯಾದ ದೇಶಗಳಿಗೆ ಕರೆತರುತ್ತ ಬಂದಿದೆ. ನಮ್ಮ ಪಾರ್ಲಿಮೆಂಟು 1976ರಲ್ಲಿ ತೆರೆದ ಅಧ್ಯಯನ ಮತ್ತು ತರಬೇತಿಯ ಶಾಖೆಯೂ ಪರದೇಶಗಳ ಅಧಿಕಾರಿಗಳಿಗೆ ಮಸೂದೆ ಬರೆಯುವ ವಿದ್ಯೆಯನ್ನು ಕಲಿಸುತ್ತಿದೆ. ಇವೆಲ್ಲ ಔತಣ, ಹೂಮಾಲೆ, ಭಾವಚಿತ್ರಗಳಲ್ಲಿ ಮುಗಿಯುವ ವೈಭವಗಳೆಂದು ಹಾಸ್ಯಮಾಡುವುದು ಸುಲಭ. ಕೆಲವು ಹಾಗೆಯೇ ಮುಗಿಯುತ್ತವೆಂಬುದನ್ನು ನಾವೂ ಅಲ್ಲಗಳೆಯುವುದಿಲ್ಲ.

ಹಂಪಿಯ ಜನರಿಗಾದರೋ ದೂತರು ಹೊಸಬರಲ್ಲ. ತೈಮೂರನ ಮಗನಾದ ಶಾರೂಖನು ಹೆರಾತಿನಿಂದ ಕಳುಹಿಸಿದ ಅಬ್ದುರ್ ರಜಾಕನು ಕಲ್ಲಿಕೋಟೆಯನ್ನು ಬಿಟ್ಟು ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟವೇರಿ 1443ರಲ್ಲಿ ವಿಜಯನಗರವನ್ನು ಸೇರಿದನು. ಇಮ್ಮಡಿ ದೇವರಾಯನು ಅವನನ್ನು ವಾರಕ್ಕೆರಡು ಸಲ ಕರೆಯಿಸಿಕೊಂಡು ಅವನ ದೇಶದ ವಿಷಯಗಳನ್ನು ಕೇಳುತ್ತಿದ್ದನು. ಅವನ ಬಿಡಾರಕ್ಕೆ ದಿನವೊಂದಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ ಸಲ್ಲುತ್ತಿದ್ದುವು. (ಇಂದಿನ ಪ್ರವಾಸಭತ್ಯವನ್ನು ಆಕ್ಷೇಪಿಸುವವರು ಇದನ್ನು ಗಮನಿಸಬೇಕು!) ಆದರೆ ಇವನು ನಿಜವಾದ ದೂತನೇ ಅಲ್ಲವೆಂದು ಹೊರ್ಮುಜಿನ ವರ್ತಕರು ಪುಕಾರು ಹಬ್ಬಿಸಿದಾಗ ಅವನು ಪಟ್ಟ ಕಷ್ಟವೂ ಅವನ ಬರಹದಲ್ಲಿಯೇ ಇದೆ. ಕೊನೆಗೆ ಅರಸನು ತನ್ನ ದೂತರನ್ನೂ ಅವನೊಡನೆ ಹೆರಾತಿಗೆ ಕಳುಹಿಸಿದನು. ಆ ನಗರವು ಹಾಳಾಗಿ ನಾಲ್ಕೂವರೆ ಶತಮಾನಗಳು ಕಳೆದಮೇಲೂ ಅದರ ಏಳು ಸುತ್ತಿನ ಕೋಟೆ, ಮಹಾನವಮಿಯ ಉತ್ಸವಗಳನ್ನು ನಾವು ಅರಿಯುವುದು ಇವನಂಥವರು ಕಂಡುದನ್ನು ಬರೆದಿಟ್ಟುದರಿಂದ.

ಅಬ್ದುರ್ ರಜಾಕನು ಬಂದಿಳಿದ ಆ ಮಂಗಳೂರಿನಲ್ಲಿಯೇ 1887ರಲ್ಲಿ ಬೆನಗಲ್ ನರಸಿಂಹರಾಯರು ಜನಿಸಿದರು. ಶಾಸನಸಭೆಯ ಅಧಿಕಾರಿಯೊಬ್ಬರ ಪರದೇಶ ಪ್ರವಾಸವು ನಮ್ಮ ಪ್ರತಿಯೊಬ್ಬರ ಮನೆಯ ಬಾಗಿಲನ್ನು ಹೇಗೆ ತಟ್ಟುತ್ತದೆಂಬುದಕ್ಕೆ ಇವರಿಗಿಂತ ಹೆಚ್ಚಿನ ನಿದರ್ಶನವು ಬೇಡ. ರಾಯರು ರಾಜ್ಯಘಟನಾ ಸಭೆಯ ಸದಸ್ಯರಾಗಿರಲಿಲ್ಲ; ಯಾವ ಮತವನ್ನೂ ಕೊಡಲಿಲ್ಲ, ಸಭೆಯಲ್ಲಿ ಭಾಷಣವನ್ನೂ ಮಾಡಲಿಲ್ಲ. ಅವರು ಆ ಸಭೆಯ ಸಲಹೆಗಾರರು. 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿದ ಅವರು ಅಮೇರಿಕಾ, ಕೆನಡಾ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರನ್ನೂ ರಾಜಕಾರಣಿಗಳನ್ನೂ ಕಂಡು ಬಂದರು.

ಆ ಕರಡಿನಲ್ಲಿ, ‘ಡ್ಯೂ ಪ್ರಾಸೆಸ್’ ಎಂದು ಅಮೇರಿಕನ್ನರು ಕರೆಯುವ ನ್ಯಾಯೋಚಿತವಾದ ಕ್ರಮವಿಲ್ಲದೆ ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಅಪಹರಿಸಕೂಡದೆಂಬ ವಿಧಿಯಿದ್ದಿತು. ಅಮೇರಿಕಾದ ಶ್ರೇಷ್ಠ ನ್ಯಾಯಾಲಯದ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರರು ಇದನ್ನು ಮೆಚ್ಚಲಿಲ್ಲ. ಜನಪ್ರತಿನಿಧಿಗಳು ಮಾಡಿದ ಶಾಸನವನ್ನು ಕೆಲವೇ ಮಂದಿ ನ್ಯಾಯಾಧೀಶರು ರದ್ದುಮಾಡಲು ಇದು ಎಡೆಗೊಡುತ್ತದೆ, ಇದು ಪ್ರಜಾಪ್ರಭುತ್ವಕ್ಕೆ ಒಪ್ಪದು, ನ್ಯಾಯಾಲಯಕ್ಕೂ ಅನುಚಿತವಾದ ಹೊರೆ ಎಂಬುದು ಅವರ ಅಭಿಪ್ರಾಯ. ಅವರ ಮಾತಿನಲ್ಲಿ ಅನುಭವವಿದ್ದಿತು. ಇದೇ ಪದಗಳನ್ನು ಹಿಡಿದು ಅಲ್ಲಿನ ನ್ಯಾಯಾಲಯವು ಕೆಲಸಗಾರರ ವೇಳೆ, ಕೂಲಿಗಳ ಶಾಸನಗಳನ್ನು ಹಿಂದೆ ಕೆಡವಿಹಾಕಿದ್ದಿತು. ರಾಯರಿಗೂ ಈ ಶಂಕೆಯು ಮೊದಲೇ ಇದ್ದುದರಿಂದ ಎಲ್ಲವೂ ಆ ಒಂದು ಭೇಟಿಯಿಂದಾಯಿತೆನ್ನುವುದು ಅತಿಶಯೋಕ್ತಿ. ಆದರೂ ಅವರು ಹಿಂದಿರುಗಿದ ಮೇಲೆ ಕರಡು ಸಮಿತಿಯು ಆ ಪದಗಳನ್ನು ತೆಗೆದು ‘ಕಾನೂನು ಸ್ಥಾಪಿಸಿದ ಕ್ರಮ’ ಎಂಬ ಪದಗಳನ್ನು ಇಟ್ಟಿತು.

ಈ ಹೊಸ ಪದಗಳು ಬಂದುದೆಲ್ಲಿಂದ? 1946ರ ಜಪಾನೀ ರಾಜ್ಯಘಟನೆಯ 31ನೆಯ ವಿಧಿಯಿಂದ. ಆ ರಾಜ್ಯಘಟನೆಯ ಕರಡನ್ನಾದರೋ ಟೋಕಿಯೋ ನಗರದಲ್ಲಿದ್ದ ಅಮೇರಿಕಾದ ಸೇನಾಡಳಿತದ ಕಚೇರಿಯ ಅಧಿಕಾರಿಗಳು 1946ರ ಫೆಬ್ರವರಿಯಲ್ಲಿ ಸುಮಾರು ಒಂದು ವಾರದಲ್ಲಿ ಬರೆದು ಮುಗಿಸಿದ್ದರು! ಅಮೇರಿಕನ್ನರು ಏಷ್ಯಾದಲ್ಲಿ ಬರೆದ ಪದಗಳನ್ನು ಏಷ್ಯಾದ ಇನ್ನೊಂದು ದೇಶವು, ಅಮೇರಿಕನ್ನರೊಬ್ಬರ ಹಿತವಚನವನ್ನು ಕೇಳಿದ ಬಳಿಕ, ತನ್ನದಾಗಿ ಮಾಡಿಕೊಂಡಿತು. ಈ ಸೋಜಿಗದ ವ್ಯವಹಾರದಲ್ಲಿ ಜನರಿಂದ ಚುನಾಯಿತರಾದವರಿಗಿಂತ ಕಚೇರಿಯ ಮೇಜಿನ ಮುಂದೆ ಕುಳಿತವರ ಕೈಯೇ ಹೆಚ್ಚಾಗಿ ಕಾಣುತ್ತದೆ.

ಫಲವೇನಾಯಿತು? ವಿಚಾರಣೆಯಿಲ್ಲದ ಬಂಧನವನ್ನು ಪ್ರಶ್ನಿಸಿದ ಗೋಪಾಲನ್ ಮೊಕದ್ದಮೆಯಲ್ಲಿ 1950ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಾಸನಸಭೆಯು ವಿಧಿಸಿದ ಕ್ರಮವು ನ್ಯಾಯವೋ ಅನ್ಯಾಯವೋ ಎಂದು ತಾನು ತೂಗುವಂತಿಲ್ಲವೆಂದು ಹೇಳಿತು. 1978ರ ಜನವರಿಯಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಆ ಕ್ರಮವು ನ್ಯಾಯಯುತವಾಗಿಯೂ ಸಮಂಜಸವಾಗಿಯೂ ಇರಲೇಬೇಕೆಂದು ಅದೇ ನ್ಯಾಯಾಲಯವು ತೀರ್ಮಾನಿಸಿತು. ನಡುವೆ ಕಳೆದುವು ಇಪ್ಪತ್ತೆಂಟು ವರ್ಷಗಳು. 1947ರಲ್ಲಿ ಹೊಸಪೇಟೆ, ಕಂಪ್ಲಿಗಳು ಮದರಾಸು ಪ್ರಾಂತದಲ್ಲಿದ್ದುವು. ಸಂಡೂರು ಘೋರ್ಪಡೆಯವರ ಸಂಸ್ಥಾನವಾಗಿದ್ದು 1949ರ ಏಪ್ರಿಲಿನಲ್ಲಿ ಆ ಪ್ರಾಂತಕ್ಕೆ ಸೇರಿತು. ರಾಜ್ಯಘಟನೆಯು ಜಾರಿಗೆ ಬಂದಾಗ ಈ ಊರುಗಳವರೆಲ್ಲರ ಸ್ವಾತಂತ್ರ್ಯದ ಅಳತೆಗೋಲೂ ಆ ಪದಗಳೇ ಆದುವು.

ನಾವು ರಾಯರನ್ನು ದೂಷಿಸುವುದಿಲ್ಲ. ಭೂಸುಧಾರಣೆಯಂಥ ಶಾಸನಗಳು ನ್ಯಾಯಾಲಯದಲ್ಲಿ ಮುಗ್ಗರಿಸದಿರಲೆಂಬುದು ಸದುದ್ದೇಶವೇ. ಮೇಲಾಗಿ ಅವರು ತಾವು ಯಾರನ್ನು ಕಂಡೆವು, ಯಾರು ಏನೆಂದರು ಎಂಬುದನ್ನು ವರದಿಯಾಗಿ ಬರೆದೊಪ್ಪಿಸಿದರು. ಅದು ಅಚ್ಚಾಗಿರುವುದರಿಂದಲೇ ಇಂದು ನಾವು ಅದರ ಗುಣದೋಷಗಳನ್ನು ಎಣಿಸುತ್ತಿದ್ದೇವೆ. ಈಗ ಹೋಗಿಬರುವ ತಂಡಗಳ ವಿಷಯದಲ್ಲಿ ಈ ಸೌಕರ್ಯವು ಸಾಮಾನ್ಯ ವಾಚಕನಿಗೆ ಎಷ್ಟರಮಟ್ಟಿಗಿದೆ?

ಬರುವ ಅತಿಥಿಗಳಿಗೆ ನಾವು ತೋರಿಸುವುದೇನೆಂಬುದೂ ವಿಚಾರಾರ್ಹವಾಗಿದೆ. ರಾಯ, ಬಸವಣ್ಣ, ತುರ್ತಾ, ಕಂಪ್ಲಿ ಮೊದಲಾದ ವಿಜಯನಗರದ ಕಾಲುವೆಗಳು ಇಂದಿಗೂ ಭತ್ತ, ಕಬ್ಬು, ಬಾಳೆಗಳಿಗೆ ನೀರುಣಿಸುತ್ತಿವೆ. ಇವುಗಳ ಜೀರ್ಣೋದ್ಧಾರಕ್ಕೆ ಸಾಲ ಕೊಟ್ಟುದು ಏಷ್ಯಾ ಅಭಿವೃದ್ಧಿ ಬ್ಯಾಂಕು. ಅದರಲ್ಲಿ ಜಪಾನಿನೊಡನೆ ಅತಿ ದೊಡ್ಡ ಪಾಲುಗಾರನು ಅಮೇರಿಕಾ. ಆ ಪಾಲಿನ ಹಣವನ್ನು ಮಂಜೂರು ಮಾಡುವುದು ಅದೇ ಕಾಂಗ್ರೆಸ್ಸು. ಸಂಡೂರಿನ ಕಬ್ಬಿಣದ ಅದಿರು ಚೀನಾದ ಕುಲುಮೆಗಳಿಗೆ ಹರಿದುಹೋದ ವರ್ಷಗಳಲ್ಲಿ ನಮ್ಮ ಗುಡ್ಡಗಳಿಗೂ ರಸ್ತೆಗಳಿಗೂ ಆದ ಗತಿಯನ್ನು 2011ರ ಲೋಕಾಯುಕ್ತ ವರದಿಯು ಹೇಳಿತು. ಆ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಬೇಕಾಯಿತು. ಸುಂಕ, ಸಾಲ, ಅದಿರುಗಳನ್ನು ಕುರಿತು ದೇಶದೇಶಗಳ ಅಧಿಕಾರಿಗಳು ಆಡುವ ಮಾತಿಗೂ ಇಲ್ಲಿನ ಒಕ್ಕಲಿಗನ ಗದ್ದೆಗೂ ನಡುವೆ ಅಂತರವು ನಾವೆಣಿಸಿದಷ್ಟಿಲ್ಲ.

ಆದುದರಿಂದ ಮುಂದೆ ಇಂಥ ತಂಡವು ಹೊಸಪೇಟೆಗೆ ಬಂದಾಗ ಹಂಪಿಗೆ ಒಂದು ದಿನವನ್ನು ಕೊಟ್ಟರೆ, ಇನ್ನೊಂದು ದಿನ ಅದನ್ನು ಕಂಪ್ಲಿ ಕಾಲುವೆಯ ಕಟ್ಟಕಡೆಯ ತೂಬಿನವರೆಗೂ ಸಂಡೂರಿನ ಗಣಿಯ ಅಂಚಿನವರೆಗೂ ಕರೆದೊಯ್ಯಬೇಕೆಂದು ಜಿಲ್ಲಾಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ. ಕರ್ನಾಟಕದ ಶಾಸನಸಭೆಯ ಕಚೇರಿಯಿಂದ ಪರದೇಶಕ್ಕೆ ಹೋಗುವವರು ಹಿಂದಿರುಗಿದ ಮೂರು ತಿಂಗಳೊಳಗೆ ತಾವು ಕಂಡುಕೇಳಿದುದನ್ನು ಕನ್ನಡದಲ್ಲಿ ಬರೆದು ಸಭೆಯ ಮುಂದಿಡಬೇಕು. ಅದರ ಪ್ರತಿಯು ತಾಲ್ಲೂಕಿನ ಗ್ರಂಥಾಲಯದಲ್ಲಿಯೂ ದೊರೆಯುವಂತಾಗಬೇಕು.