ಮರದ ಮೇಲಿನ ಹಸಿರು: ಉಜ್ಜೋದಕ್ಕಿಂತ ಒಣಗಿಸೋದು ಮುಖ್ಯ

ನಮ್ಮಲ್ಲಿ ತುಂಬಾ ಜನ ಮೈಸೂರಿನ ಹಳೇ ಬಡಾವಣೆಗಳಲ್ಲಿ ರೂಮ್ ಮಾಡ್ಕೊಂಡಿದ್ದೀವಿ. ಹೆಂಚಿನ ಮನೆ, ಮುಂದೆ ಜಗಲಿ, ಮರದ ಕಂಬಗಳು, ಹಿಂದುಗಡೆ ಹಲಗೆ ಹೊಡೆದ ಗೋಡೆ. ಮಳೆ ಶುರುವಾಗಿ ಕೆಲವು ವಾರಕ್ಕೆ ಆ ಮರದ ಮೇಲೆ ಹಸಿರು ಪದರ ಕೂರುತ್ತೆ. ನಾವು ಪಾಚಿ ಅಂತೀವಿ, ಮಲೆನಾಡಿನ ಫ್ರೆಂಡ್ಸ್ ಹಾವಸೆ ಅಂತಾರೆ. ಓನರ್ ಅದರ ಮೇಲೇ ಒಂದು ಕೋಟ್ ಪೇಂಟ್ ಹೊಡೆಸ್ತಾರೆ. ಕೆಲವು ಮಳೆಗಾಲ ಕಳೆದ ಮೇಲೆ "ಮರ ಲಡ್ಡಾಗಿದೆ, ತೆಗೆಸಿಬಿಡೋಣ" ಅನ್ನೋ ಮಾತು ಬರುತ್ತೆ. ಎಷ್ಟೋ ಒಳ್ಳೆ ತೇಗದ ಮರ ಹೀಗೇ ಸೌದೆ ಆಗುತ್ತೆ.

ಆದರೆ ಪಾಚಿ ಮರವನ್ನ ತಿನ್ನಲ್ಲ. ಅದು ಬೆಳಕು, ನೀರು, ಗಾಳಿಯಿಂದ ತನ್ನ ಊಟ ತಾನೇ ಮಾಡ್ಕೊಳ್ಳುತ್ತೆ. ಮರ ಅದಕ್ಕೆ ಕೂರೋ ಜಾಗ ಅಷ್ಟೇ. ಮರ ತಿನ್ನೋದು ಶಿಲೀಂಧ್ರ. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಶಿಲೀಂಧ್ರ ಬೆಳೆಯೋದು ಕಷ್ಟ. ಅಂದ್ರೆ ಹಸಿರು ಬಣ್ಣ ಒಂದು ಇಂಡಿಕೇಟರ್ ಇದ್ದ ಹಾಗೆ: "ಈ ಜಾಗ ಒಣಗ್ತಾ ಇಲ್ಲ" ಅಂತ ಹೇಳುತ್ತೆ. ಪೇಂಟ್ ಹೊಡೆದರೆ ಇಂಡಿಕೇಟರ್ ಮುಚ್ಚಿಹೋಗುತ್ತೆ, ತೇವ ಒಳಗೇ ಉಳಿಯುತ್ತೆ.

ಯಾವ ಗೋಡೆ ಒಣಗಲ್ಲ? ಮೈಸೂರು ಇರೋದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರ್ತಾನೆ, ಆಗ ಉತ್ತರದ ಗೋಡೆಗೂ ಬಿಸಿಲು ಸಿಗುತ್ತೆ. ಆದರೆ ಸೆಪ್ಟೆಂಬರ್ 23ರ ಸುಮಾರಿಗೆ ಸೂರ್ಯ ದಕ್ಷಿಣಕ್ಕೆ ದಾಟಿದ ಮೇಲೆ ಮಾರ್ಚ್ 21ರ ತನಕ ಆ ಗೋಡೆಗೆ ನೇರ ಬಿಸಿಲು ಬೀಳೋದೇ ಇಲ್ಲ. ನಮ್ಮೂರಿಗೆ ಜೋರು ಮಳೆ ಬರೋ ತಿಂಗಳುಗಳಲ್ಲಿ ಅಕ್ಟೋಬರ್ ಕೂಡ ಒಂದು. ಹೀಗಾಗಿ ಉತ್ತರದ ಗೋಡೆ ನೆನೆಯುತ್ತೆ, ಬೇಗ ಒಣಗಲ್ಲ.

ಈಗ ಕ್ಲೀನಿಂಗ್. ಮೊದಲು ಸೋಪಿನ ನೀರು, ಮೆತ್ತನೆ ನೈಲಾನ್ ಬ್ರಷ್. ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ. ವೈರ್ ಬ್ರಷ್ ಬೇಡ: ಕಬ್ಬಿಣದ ಚೂರುಗಳು ಮರದ ಟ್ಯಾನಿನ್ ಜೊತೆ ಸೇರಿ ಕಪ್ಪು ಕಲೆ ಬಿಡುತ್ತವೆ. ಪ್ರೆಶರ್ ವಾಷರ್ ಕೂಡ ಬೇಡ, ಅದು ಮೆದು ಎಳೆಗಳನ್ನ ಕಿತ್ತು, ನೀರನ್ನ ಇನ್ನೂ ಒಳಗೆ ನುಗ್ಗಿಸುತ್ತೆ. ಮೇಲ್ಮೈ ಒರಟಾದಷ್ಟೂ ಪಾಚಿಗೆ ಹಿಡಿತ ಜಾಸ್ತಿ.

ಇಷ್ಟಕ್ಕೂ ಹೋಗದಿದ್ದರೆ ಒಂದು ಭಾಗ ಮನೆಬಳಕೆಯ ಬ್ಲೀಚ್‌ಗೆ ನಾಲ್ಕು ಭಾಗ ನೀರು ಸೇರಿಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೀರಿ. ಪದೇ ಪದೇ ಮಾಡಬೇಡಿ, ಬ್ಲೀಚ್ ಮರದ ಲಿಗ್ನಿನ್ ಅನ್ನೂ ಹಾಳು ಮಾಡುತ್ತೆ. ಗ್ಲೌಸ್, ಕನ್ನಡಕ ಹಾಕ್ಕೊಳ್ಳಿ. ಮುಖ್ಯವಾದ್ದು: "ಇನ್ನೂ ಸ್ಟ್ರಾಂಗ್ ಆಗಲಿ" ಅಂತ ಟಾಯ್ಲೆಟ್ ಕ್ಲೀನರ್ ಬೆರೆಸಬೇಡಿ. ಅದರಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತೆ, ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ತೊಳೆದದ್ದು ಅರ್ಧ ಕೆಲಸ. ಉಳಿದ ಅರ್ಧವನ್ನ ನೋಡೋಕೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆಯಲ್ಲಿ ಬಹುಪಾಲು ತೇಗ, ಅದೂ ಕಾವೇರಿಯ ತಪ್ಪಲಲ್ಲಿ. ಅಲ್ಲಿ ಮೂರು ವಿಷಯ ಗಮನಿಸಿ. ಕಟ್ಟಡ ಎತ್ತರದ ಕಟ್ಟೆ ಮೇಲಿದೆ, ನೆಲಕ್ಕೆ ಬಿದ್ದ ಮಳೆನೀರು ಸಿಡಿದು ಮರಕ್ಕೆ ತಾಗಲ್ಲ. ಸುತ್ತಲೂ ಅಗಲವಾದ ವರಾಂಡ, ಗೋಡೆ ತುಂಬಾ ಹಿಂದಕ್ಕಿದೆ. ಚಿತ್ರಗಳನ್ನ ಕಾಪಾಡೋಕೆ ಹೊರಗಡೆ ದೊಡ್ಡ ಪರದೆಗಳನ್ನ ಇಳಿಬಿಟ್ಟಿದ್ದಾರೆ. ಮಲೆನಾಡಲ್ಲಿ ಮಳೆಗಾಲಕ್ಕೆ ಗೋಡೆಗೆ ಸೋಗೆಯ ತಟ್ಟಿ ಕಟ್ಟೋದೂ ಇದೇ ಲಾಜಿಕ್. ನಮ್ಮ ಹಳೇ ಮನೆಗಳ ಕಂಬದ ಕೆಳಗಿನ ಕಲ್ಲಿನ ಪೀಠ ಬರೀ ಅಂದಕ್ಕಲ್ಲ. ಮರದ ತುದಿ ಸ್ಟ್ರಾ ಥರ ನೀರು ಹೀರುತ್ತೆ, ಕಲ್ಲು ಅದನ್ನ ತಡೆಯುತ್ತೆ.

ನಾವು ಮಾಡಬಹುದಾದ್ದೂ ಇಷ್ಟೇ: ಗೋಡೆಗೆ ಒರಗಿಸಿದ ಕುಂಡ, ಹಲಗೆ, ಬೈಕ್ ಕವರ್ ಸರಿಸಿ ಗಾಳಿ ಬಿಡೋದು, ಸೋರುವ ದೋಣಿ ಪೈಪ್ ಸರಿ ಮಾಡಿಸೋದು, ಕೊಂಬೆ ಕತ್ತರಿಸೋದು. ನಾಲ್ಕೈದು ದಿನ ಬಿಸಿಲಲ್ಲಿ ಪೂರ್ತಿ ಒಣಗಿದ ಮೇಲಷ್ಟೇ, ಆವಿಯನ್ನ ಹೊರಗೆ ಬಿಡುವಂಥ ವುಡ್ ಫಿನಿಶ್ ಹಚ್ಚಿಸಬೇಕು. ಬರೀ ಅಗಸೆ ಎಣ್ಣೆ ಹಚ್ಚಿದರೆ ಬೂಷ್ಟಿಗೆ ಊಟ ಹಾಕಿದ ಹಾಗೆ.

ಮುಂದಿನ ಮಳೆ ನಿಂತ ಎರಡು ಗಂಟೆ ಮೇಲೆ ಮನೆ ಸುತ್ತ ಒಂದು ರೌಂಡ್ ಹೊಡೀರಿ. ಎಲ್ಲಾ ಒಣಗಿದ್ದರೂ ಎಲ್ಲಿ ಮರ ಇನ್ನೂ ಒದ್ದೆ ಇದೆಯೋ ಅಲ್ಲೊಂದು ಫೋಟೋ ತೆಗೆದು ಓನರ್‌ಗೆ ತೋರಿಸಿ. ಪೇಂಟ್ ಡಬ್ಬ ತರೋಕೆ ಮುಂಚೆ ಸರಿ ಮಾಡಬೇಕಾದ ಜಾಗ ಅದೇ.