ಗೃಹನಿರ್ಮಾಣವೂ ಇಂಧನದ ಮಿತವ್ಯಯವೂ

'ಗೃಹ' ಶಬ್ದವು 'ಗ್ರಹ್' ಎಂಬ ಧಾತುವಿನಿಂದ ಹುಟ್ಟಿತೆಂದು ವೈಯಾಕರಣರು ಹೇಳುವರು. ಹಿಡಿಯುವುದು, ತೆಗೆದುಕೊಳ್ಳುವುದು ಎಂಬುದು ಅದರ ಅರ್ಥ. ಧನಧಾನ್ಯಗಳನ್ನು ಹಿಡಿದಿಡುವ ಮನೆಯು ಬಿಸಿಲನ್ನೂ ಹಿಡಿದಿಡುತ್ತದೆಂಬುದು ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬಾರದು. ಹಗಲೆಲ್ಲ ಕಾದ ಕಾಂಕ್ರೀಟಿನ ತಾರಸಿಯು ರಾತ್ರಿ ಆ ಕಾವನ್ನು ಮಲಗಿದವರ ಮೇಲೆ ಇಳಿಸುತ್ತದೆ. ಅದರಿಂದ ಹೆಚ್ಚು ಬಳಲುವವರು ವೃದ್ಧರೂ ಶಿಶುಗಳೂ. ಕಾವನ್ನು ಓಡಿಸಲು ಫ್ಯಾನು ಬೇಕು, ಅನುಕೂಲವಿದ್ದವರಿಗೆ ಏ.ಸಿ. ಬೇಕು, ಇವೆರಡಕ್ಕೂ ವಿದ್ಯುತ್ತು ಬೇಕು.

ನಮ್ಮ ದೇಶದಲ್ಲಿ ಬಳಕೆಯಾಗುವ ವಿದ್ಯುತ್ತಿನ ಸುಮಾರು ಮೂರನೆಯ ಒಂದು ಪಾಲು ಮನೆಗಳಲ್ಲಿಯೂ ವಾಣಿಜ್ಯ ಕಟ್ಟಡಗಳಲ್ಲಿಯೂ ವ್ಯಯವಾಗುತ್ತದೆ. ಉತ್ಪತ್ತಿಯ ಹೆಚ್ಚಿನ ಭಾಗವು ಕಲ್ಲಿದ್ದಲಿನದೇ ಆದುದರಿಂದ, ಒಂದು ಯೂನಿಟ್ಟಿಗೆ ಸರಾಸರಿ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡು ವಾಯುಮಂಡಲವನ್ನು ಸೇರುತ್ತದೆ. 2070ರ ವೇಳೆಗೆ ಈ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ತರುವುದಾಗಿ ಭಾರತವು 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಸಾರಿತು. ರಾಷ್ಟ್ರೀಯ ಉತ್ಪನ್ನಕ್ಕೆ ಹೋಲಿಸಿದ ಅದರ ಪ್ರಮಾಣವನ್ನು 2005ಕ್ಕಿಂತ ಶೇಕಡಾ 45ರಷ್ಟು 2030ರೊಳಗೆ ತಗ್ಗಿಸುವುದಾಗಿ 2022ರಲ್ಲಿ ವಚನವಿತ್ತಿತು. ರಾಷ್ಟ್ರದ ಈ ಪ್ರತಿಜ್ಞೆಯು ಕಡೆಗೆ ಬಂದು ನಿಲ್ಲುವುದು ಗೃಹಸ್ಥನ ತಾರಸಿಯ ಮೇಲೆ.

ಕಾಯಿದೆಗಳಿಲ್ಲವೆ ಎಂದರೆ, ಇವೆ. 2001ರಲ್ಲಿ ಇಂಧನ ಸಂರಕ್ಷಣಾ ಕಾಯಿದೆಯಾಯಿತು. 2007ರಲ್ಲಿ ವಾಣಿಜ್ಯ ಕಟ್ಟಡಗಳಿಗೂ, 2018ರಲ್ಲಿ 'ಇಕೋ ನಿವಾಸ್ ಸಂಹಿತಾ' ಎಂಬ ಹೆಸರಿನಿಂದ ವಾಸದ ಮನೆಗಳಿಗೂ ನಿಯಮಗಳು ಹೊರಟವು. 2022ರ ತಿದ್ದುಪಡಿಯು ದೊಡ್ಡ ವಸತಿ ಕಟ್ಟಡಗಳನ್ನೂ ಕಾಯಿದೆಯ ಅಂಕೆಗೆ ತಂದಿತು. ಆದರೆ ಆ ಅಂಕೆಯು 100 ಕಿಲೋವ್ಯಾಟು ಅಥವಾ ಅದಕ್ಕೆ ಮೇಲ್ಪಟ್ಟ ಸಂಪರ್ಕವುಳ್ಳ ಕಟ್ಟಡಗಳಿಗೆ ಮಾತ್ರ. ಮೂವತ್ತಕ್ಕೆ ನಲವತ್ತರ ನಿವೇಶನದಲ್ಲಿ ಸಾಲ ಮಾಡಿ ಕಟ್ಟುವವನನ್ನು ಅದು ಮುಟ್ಟುವುದಿಲ್ಲ. ಕಾಯಿದೆ ಮುಟ್ಟದ ಕಡೆ ವಿವೇಕವೇ ನಿಯಾಮಕವಾಗಬೇಕು.

ಕಟ್ಟುವವರು ಗಮನಿಸತಕ್ಕ ಅಂಶಗಳು ಕೆಲವೇ. ಪಶ್ಚಿಮದ ಬಿಸಿಲು ಓರೆಯಾಗಿ ಒಳನುಗ್ಗುವುದರಿಂದ ಆ ದಿಕ್ಕಿಗೆ ದೊಡ್ಡ ಗಾಜಿನ ಕಿಟಕಿಗಳು ಬೇಡ. ಕಿಟಕಿಗಳಿಗೆ ಸಜ್ಜವಿರಲಿ, ಗಾಳಿಯು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡಲಿ. ತಾರಸಿಗೆ ಬಿಳಿಯ ಲೇಪವನ್ನು ಕೊಟ್ಟರೆ ಬಿಸಿಲಿನ ಬಹುಭಾಗವು ಹಿಂದಿರುಗುತ್ತದೆ. ತೆಲಂಗಾಣ ಸರ್ಕಾರವು 2023ರಲ್ಲಿ ಇದನ್ನೇ ತಂಪು ಛಾವಣಿಯ ನೀತಿಯಾಗಿ ಪ್ರಕಟಿಸಿತು. ಗೋಡೆಯ ವಿಷಯದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತರಲು ಶ್ರಮಿಸಿತು. ಅದನ್ನು ಸುಡಬೇಕಾಗಿಲ್ಲವಾದುದರಿಂದ ಗೂಡಿನ ಇಂಧನವು ಉಳಿಯುತ್ತದೆ. ಪುರಾತನರ ಮನೆಗಳೆಲ್ಲ ನಿರ್ದೋಷವೆಂದು ನಾವು ಹೇಳುವುದಿಲ್ಲ. ಅವುಗಳಲ್ಲಿ ಅನೇಕವು ಕತ್ತಲೆಯ ಗೂಡುಗಳಾಗಿದ್ದುವು. ಆದರೆ ತೊಟ್ಟಿಯ ಗಾಳಿಯೂ ಜಗಲಿಯ ನೆರಳೂ ಇಂದಿಗೂ ಗ್ರಾಹ್ಯವೇ.

ಮನೆಯನ್ನು ಈಗಾಗಲೇ ಕಟ್ಟಿದವರಿಗೂ ಮಾರ್ಗವುಂಟು. ಹಳೆಯ ಮಾದರಿಯ ಫ್ಯಾನು ಸುಮಾರು 75 ವ್ಯಾಟು ಎಳೆದರೆ, ಹೊಸ ಬಿ.ಎಲ್.ಡಿ.ಸಿ. ಫ್ಯಾನಿಗೆ ಸುಮಾರು 30 ಸಾಕು. ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 300 ದಿನ ತಿರುಗಿದರೆ 162 ಯೂನಿಟ್ಟು ಉಳಿಯುತ್ತದೆ. ಎಂದರೆ ಸುಮಾರು 113 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು. ಒಂದು ಕೋಟಿ ಮನೆಗಳಲ್ಲಿ ಒಂದೊಂದು ಫ್ಯಾನು ಬದಲಾದರೆ ಇದು ವರ್ಷಕ್ಕೆ 11 ಲಕ್ಷ ಟನ್ನು ಮೀರುತ್ತದೆ. ಏ.ಸಿ.ಯುಳ್ಳವರು ಅದನ್ನು 24 ಡಿಗ್ರಿಗೆ ಇಡುವುದು ಯುಕ್ತ. ಒಂದೊಂದು ಡಿಗ್ರಿ ಏರಿಸಿದಂತೆ ಸುಮಾರು ಶೇಕಡಾ 6ರಷ್ಟು ಉಳಿತಾಯವೆಂದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆಯು ತಿಳಿಸುತ್ತದೆ.

ಇಲ್ಲಿ ಎರಡು ತೊಡಕುಗಳುಂಟು. ಬಾಡಿಗೆಗೆಂದು ಕಟ್ಟುವವನು ಖರ್ಚನ್ನು ಉಳಿಸಿಕೊಳ್ಳುತ್ತಾನೆ; ಸೆಕೆಯನ್ನೂ ಬಿಲ್ಲನ್ನೂ ಬಾಡಿಗೆದಾರನು ಹೊರುತ್ತಾನೆ. ಇದು ನ್ಯಾಯವಲ್ಲ. ಎರಡನೆಯದಾಗಿ, ನಮ್ಮ ರಾಜ್ಯದಲ್ಲಿ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯು ಬಡ ಸಂಸಾರಗಳ ಭಾರವನ್ನು ಇಳಿಸಿದ್ದು ಸಂತೋಷವೇ. ಆದರೆ ಬಿಲ್ಲು ಬಾರದ ಮಾತ್ರಕ್ಕೆ ಕಲ್ಲಿದ್ದಲು ಉರಿಯದೆ ಇರುವುದಿಲ್ಲ. ಹಣ ತೆರದ ವಸ್ತುವನ್ನು ಮಿತವಾಗಿ ಬಳಸುವುದರಲ್ಲಿಯೇ ಗೃಹಸ್ಥಧರ್ಮದ ಪರೀಕ್ಷೆ.

ಒಮ್ಮೆ ಕಟ್ಟಿದ ಮನೆಯು ಐವತ್ತು ವರ್ಷ ನಿಲ್ಲುತ್ತದೆ. ಪಾಯ ತೋಡುವ ಮೊದಲು ಮೇಸ್ತ್ರಿಯೊಡನೆ ನೆರಳು, ಗಾಳಿ, ತಾರಸಿಗಳ ಮಾತನ್ನೆತ್ತಿದರೆ, ಮೊಮ್ಮಕ್ಕಳ ಕಾಲದವರೆಗೂ ಫಲ ದೊರೆಯುವುದು. ಕಟ್ಟುವ ಮುನ್ನ ಅಷ್ಟನ್ನಾದರೂ ಮಾಡಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ.