ಒಂದು ಪೆನ್ನಿಗೆ ಒಂದು ಪ್ರೇಮಕಥೆ

17ನೆಯ ಶತಮಾನದ ಲಂಡನ್ನಿನಲ್ಲಿ ಪ್ರೇಮಕಥೆಗಳು ಬೀದಿಯಲ್ಲಿ ಬಿಕರಿಯಾಗುತ್ತಿದ್ದವು. ಬೆಲೆ ಅರ್ಧ ಪೆನ್ನಿ, ಇಲ್ಲವೇ ಒಂದು ಪೆನ್ನಿ. ಒಂದೇ ಮಗ್ಗುಲಿಗೆ ಅಚ್ಚಾದ ಹಾಳೆ. ಮೇಲೆ ಮರದಚ್ಚಿನ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ಹಾಡು. ಇದೇ ‘ಬ್ರಾಡ್‌ಸೈಡ್ ಬ್ಯಾಲಡ್’. ಹಾಳೆಯ ಲಾವಣಿ ಎನ್ನಬಹುದು. ಇಂಥ ಹಾಡಿನ ಧಾಟಿಯಲ್ಲಿ ಹಾಡಬೇಕು ಎಂಬ ಸೂಚನೆ ಹಾಳೆಯ ಮೇಲೇ ಇರುತ್ತಿತ್ತು. ಮಾರುವವರು ಸಂತೆಯಲ್ಲಿ ನಿಂತು ಹಾಡುತ್ತಿದ್ದುದರಿಂದ ಓದುಬಾರದವರಿಗೂ ಕಥೆ ತಲುಪುತ್ತಿತ್ತು. ಚಿತ್ರದ ವಿಷಯದಲ್ಲಿ ಮಾತ್ರ ಮುದ್ರಕರು ಜಿಪುಣರು. ಅದೇ ಹಳೆಯ ಅಚ್ಚಿನ ಪ್ರೇಮಿ ಹಾಡಿನಿಂದ ಹಾಡಿಗೆ ಹೊಸ ಪ್ರೇಯಸಿಯನ್ನು ಪಡೆಯುತ್ತಿದ್ದ!

ಈ ಹಾಡುಗಳಲ್ಲಿ ನಿಷ್ಠೆಯೆಂದರೆ ಬಹುಮಟ್ಟಿಗೆ ಕಾಯುವುದೇ. ಇಸ್ಲಿಂಗ್ಟನ್ನಿನ ಬೇಲಿಫನ ಮಗಳ ಲಾವಣಿಯನ್ನೇ ನೋಡಿ. ಸಿರಿವಂತರ ಹುಡುಗ ಅವಳಿಗೆ ಮನಸೋಲುತ್ತಾನೆ. ಅವಳು ಬಿಗುಮಾನ ಬಿಡುವುದಿಲ್ಲ. ಮನೆಯವರು ಅವನನ್ನು ಕಸುಬು ಕಲಿಯಲು ಲಂಡನ್ನಿಗೆ ಅಟ್ಟುತ್ತಾರೆ. ಏಳು ವರ್ಷ ಕಳೆದ ಮೇಲೆ ಅವಳೇ ಹರಕು ಬಟ್ಟೆ ತೊಟ್ಟು ಅವನನ್ನು ಹುಡುಕಿ ಹೊರಡುತ್ತಾಳೆ. ದಾರಿಯಲ್ಲಿ ಎದುರಾದ ಅವನಲ್ಲಿ ಒಂದು ಪೆನ್ನಿ ಬೇಡುತ್ತಾಳೆ. ಬೇಲಿಫನ ಮಗಳ ಸುದ್ದಿ ಕೇಳಿದಾಗ ಅವಳು ಸತ್ತು ಬಹಳ ದಿನವಾಯಿತು ಎನ್ನುತ್ತಾಳೆ. ಅವನು ಹತಾಶನಾಗಿ ದೇಶಾಂತರ ಹೊರಟಾಗಲೇ ಗುಟ್ಟು ಬಿಡುತ್ತಾಳೆ. ಪರೀಕ್ಷೆ ತುಸು ಕ್ರೂರವೇ. ಆದರೆ ಕಡಲಿನಿಂದ ಮರಳಿದ ನಾವಿಕ ವೇಷ ಮರೆಸಿ ಹುಡುಗಿಯನ್ನು ಪರೀಕ್ಷಿಸುವ ಹಾಡುಗಳೂ ಹಲವಿವೆ. ಇಲ್ಲಿ ಪರೀಕ್ಷೆಗೆ ನಿಲ್ಲುವವನು ಗಂಡು ಎಂಬುದೇ ಸೊಗಸು.

ಏಳು ವರ್ಷ ಎಂಬುದು ಕವಿಯ ಉತ್ಪ್ರೇಕ್ಷೆಯಲ್ಲ. ಅಪ್ರೆಂಟಿಸ್ ಕರಾರಿನ ಸಾಮಾನ್ಯ ಅವಧಿಯೇ ಅದು. ಅದು ಮುಗಿಯುವವರೆಗೆ ಹುಡುಗ ಮದುವೆಯಾಗುವಂತಿರಲಿಲ್ಲ. ಷೇಕ್ಸ್‌ಪಿಯರನ ಜೂಲಿಯೆಟ್‌ಗೆ 14 ತುಂಬಿರಲಿಲ್ಲವೆಂದು ಅಂದಿನವರೆಲ್ಲ ಎಳೆಯ ವಯಸ್ಸಿನಲ್ಲೇ ಮದುವೆಯಾಗುತ್ತಿದ್ದರೆಂದು ತಿಳಿಯಬಾರದು. ಚರ್ಚಿನ ದಾಖಲೆಗಳನ್ನು ಆಧರಿಸಿದ ಅಧ್ಯಯನಗಳ ಪ್ರಕಾರ, ಆ ಶತಮಾನದ ಇಂಗ್ಲೆಂಡಿನಲ್ಲಿ ಹೆಣ್ಣಿನ ಮೊದಲ ಮದುವೆಯ ಸರಾಸರಿ ವಯಸ್ಸು ಸುಮಾರು 26, ಗಂಡಿನದು 28. ಸ್ವಂತ ಒಲೆ ಹೂಡುವಷ್ಟು ಸಂಪಾದನೆ ಆಗುವವರೆಗೆ ಇಬ್ಬರೂ ತಡೆಯಬೇಕಿತ್ತು. ಅಷ್ಟರಲ್ಲಿ ಒಬ್ಬರ ಮನಸ್ಸು ಬದಲಾದರೆ? ಊರು ಬಿಟ್ಟವನು ಮರಳದಿದ್ದರೆ? ಪೆನ್ನಿ ಕೊಟ್ಟು ಹಾಳೆ ಕೊಳ್ಳುವ ಮನೆಗೆಲಸದ ಹುಡುಗಿಗೆ ಇದು ತನ್ನದೇ ಆತಂಕ.

ಮನೆಯ, ಹೆಂಡದಂಗಡಿಯ ಗೋಡೆಗಳಿಗೆ ಅಂಟಿದ್ದ ಹಾಳೆಗಳು ಹೆಚ್ಚಾಗಿ ಹರಿದುಹೋದವು. ಉಳಿದವುಗಳಿಗಾಗಿ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್‌ನನ್ನು ನೆನೆಯಬೇಕು. ನೌಕಾಪಡೆಯ ಈ ಅಧಿಕಾರಿ 1,800ಕ್ಕೂ ಹೆಚ್ಚು ಲಾವಣಿಗಳನ್ನು ಕೂಡಿಹಾಕಿ ಐದು ಸಂಪುಟಗಳಲ್ಲಿ ಅಂಟಿಸಿಟ್ಟ. ಪ್ರೇಮದ ಹಾಡುಗಳನ್ನು ಸುಖದವು, ದುಃಖದವು ಎಂದು ಬೇರೆಯಾಗಿಯೇ ಜೋಡಿಸಿದ. ಅವನು 1703ರಲ್ಲಿ ತೀರಿಕೊಂಡ. 1724ರಲ್ಲಿ ಅವನ ಗ್ರಂಥಭಂಡಾರ ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜು ಸೇರಿತು. ಸಂಪುಟಗಳು ಇಂದಿಗೂ ಅಲ್ಲಿವೆ.